ಹದಿನಾಲ್ಕು ಮಾಡ್ಯೂಲು, ಹದಿನಾಲ್ಕು ನಂಬರು: ಬಿಲ್ಡ್ ಪಾಸಾದದ್ದು ಓಡುವಾಗ ಯಾಕೆ ಬೀಳುತ್ತದೆ?

ಪ್ರಶ್ನೆ: ನಮ್ಮದು ಒಂಬತ್ತು ಜನರ ತಂಡ. ಜಾವಾದಲ್ಲಿ ಬರೆದ ಬಿಲ್ಲಿಂಗ್ ಸಾಫ್ಟ್‌ವೇರ್ ನೋಡಿಕೊಳ್ಳುತ್ತೇವೆ. ಎರಡು ವರ್ಷದ ಹಿಂದೆ ಎಲ್ಲವೂ ಒಂದೇ ದೊಡ್ಡ ಪ್ರಾಜೆಕ್ಟ್ ಆಗಿತ್ತು. ಒಂದು ಕಡೆ ಕೈಯಿಟ್ಟರೆ ಇನ್ನೆಲ್ಲೋ ಒಡೆಯುತ್ತಿತ್ತು. ಅದಕ್ಕೇ 14 ಮಾಡ್ಯೂಲ್ ಮಾಡಿದೆವು. ಪ್ರತಿಯೊಂದಕ್ಕೂ ಬೇರೆ ಗಿಟ್ ರೆಪಾಸಿಟರಿ (ಕೋಡನ್ನೂ ಅದರ ಬದಲಾವಣೆಗಳ ಇತಿಹಾಸವನ್ನೂ ಇಡುವ ಜಾಗ), ಬೇರೆ ವರ್ಷನ್ ನಂಬರ್. ಮಾವೆನ್ ಎಂಬ ಉಪಕರಣದಲ್ಲಿ ಬಿಲ್ಡ್ ಮಾಡಿ, ಬರುವ ಜಾರ್ ಫೈಲುಗಳನ್ನು (ಓಡಿಸಲು ಸಿದ್ಧವಾದ ಕೋಡಿನ ಕಂತೆಗಳನ್ನು) ನೆಕ್ಸಸ್ ಎಂಬ ಉಗ್ರಾಣಕ್ಕೆ ಹಾಕುತ್ತೇವೆ. ಟೆಸ್ಟಿಂಗ್ ಮುಗಿದ ಮೇಲೆ ಪ್ರೊಡಕ್ಷನ್‌ಗೆ ಇನ್ನೊಮ್ಮೆ ಬಿಲ್ಡ್ ಮಾಡುತ್ತೇವೆ. ಈಗ ಒಂದು ರಿಲೀಸ್‌ಗೆ ಎರಡು ದಿನ ಬೇಕು. ಪ್ರತಿ ಮಾಡ್ಯೂಲೂ ಬಿಲ್ಡ್ ಆಗುತ್ತದೆ, ಟೆಸ್ಟ್ ಪಾಸಾಗುತ್ತದೆ. ಆದರೆ ಪ್ರೊಡಕ್ಷನ್‌ನಲ್ಲಿ ‘ನೋ ಸಚ್ ಮೆಥಡ್ ಎರರ್’, ಅಂದರೆ ಕರೆದ ಮೆಥಡ್ (ಒಂದು ಕೆಲಸ ಮಾಡುವ ಕೋಡಿನ ತುಣುಕು) ಸಿಗಲಿಲ್ಲ ಎಂಬ ದೂರು ಬರುತ್ತದೆ. ಕಳೆದ ತಿಂಗಳು, ಬೇರೆ ಮಾಡ್ಯೂಲುಗಳು ಬಳಸುವ ‘ಕಾಮನ್’ ಮಾಡ್ಯೂಲಿನ 2.3.1ರಲ್ಲಿ ಸಣ್ಣ ತಪ್ಪಿತ್ತು. ಸರಿಮಾಡಿ ಅದೇ ನಂಬರಿನಲ್ಲಿ ಮತ್ತೆ ಹಾಕಿದೆವು. ಗೊಂದಲ ಇನ್ನೂ ಜಾಸ್ತಿಯಾಯಿತು. ಜಾರ್‌ಗಳನ್ನೆಲ್ಲ ಗಿಟ್‌ನಲ್ಲೇ ಇಟ್ಟುಬಿಡಿ ಎನ್ನುತ್ತಾರೆ ಮ್ಯಾನೇಜರ್. ಮತ್ತೆ ಒಂದೇ ಪ್ರಾಜೆಕ್ಟ್ ಮಾಡೋಣ ಎನ್ನುತ್ತಾರೆ ಜೊತೆಯವರು. ನಮ್ಮ ತೆರಿಗೆ ಲೆಕ್ಕದ ಮಾಡ್ಯೂಲನ್ನು ಮಾತ್ರ ಇನ್ನೊಂದು ತಂಡವೂ ಬಳಸುತ್ತದೆ. ಮಾಡ್ಯೂಲ್ ಮಾಡಿದ್ದೇ ತಪ್ಪಾ?

ಉತ್ತರ: ತಪ್ಪಲ್ಲ. ಆದರೆ ಒಂದು ಕೆಲಸ ಮಾಡಲು ಹೋಗಿ ನೀವು ಎರಡು ಮಾಡಿದ್ದೀರಿ. ಕೋಡನ್ನು ಭಾಗ ಮಾಡಿದ್ದು ಒಂದು. ರಿಲೀಸನ್ನು ಭಾಗ ಮಾಡಿದ್ದು ಇನ್ನೊಂದು. ಮೊದಲನೆಯದು ನಿಮಗೆ ಬೇಕೇ ಇತ್ತು. ಎರಡನೆಯದು ಬೇಕಿದ್ದದ್ದು ಒಂದೇ ಒಂದು ಮಾಡ್ಯೂಲಿಗೆ. ನೀವು ಹದಿನಾಲ್ಕಕ್ಕೂ ಮಾಡಿದಿರಿ.

ಇದು ನಿಮ್ಮೊಬ್ಬರ ತಪ್ಪಲ್ಲ. ‘ಮಾಡ್ಯೂಲ್ ಅಂದರೆ ಬೇರೆ ರೆಪಾಸಿಟರಿ, ಬೇರೆ ಜಾರ್, ಬೇರೆ ನಂಬರ್’ ಎಂಬ ನಂಬಿಕೆ ಎಲ್ಲ ಕಡೆ ಇದೆ. 1972ರಲ್ಲಿ ಕಂಪ್ಯೂಟರ್ ವಿಜ್ಞಾನಿ ಡೇವಿಡ್ ಪಾರ್ನಸ್ ಒಂದು ಲೇಖನ ಬರೆದರು. ಪ್ರೋಗ್ರಾಂ ಅನ್ನು ಯಾವ ಲೆಕ್ಕದಲ್ಲಿ ಭಾಗ ಮಾಡಬೇಕು ಎಂಬುದೇ ಅದರ ವಿಷಯ. ಅವರು ಹೇಳಿದ್ದು ಇಷ್ಟೇ: ಮುಂದೆ ಬದಲಾಗಬಹುದಾದ ಒಂದೊಂದು ತೀರ್ಮಾನವನ್ನು ಒಂದೊಂದು ಮಾಡ್ಯೂಲ್ ತನ್ನೊಳಗೆ ಮುಚ್ಚಿಟ್ಟುಕೊಳ್ಳಲಿ, ಹೊರಗಿನವರಿಗೆ ಅದು ಕಾಣಬಾರದು. ಅದರಲ್ಲಿ ರಿಲೀಸ್ ನಂಬರಿನ ಮಾತೇ ಇಲ್ಲ. ಒಂದೇ ರೆಪಾಸಿಟರಿಯಲ್ಲಿ, ಒಂದೇ ನಂಬರಿನಲ್ಲಿ ಹೊರಗೆ ಹೋಗುವ ಕೋಡ್ ಕೂಡ ಚೆನ್ನಾಗಿ ಭಾಗವಾಗಿರಬಹುದು.

ಈಗ ನಿಮ್ಮ ಎರರ್‌ಗೆ ಬರುತ್ತೇನೆ. ಇದನ್ನು ಸ್ವಲ್ಪ ನಿಧಾನವಾಗಿ ನೋಡೋಣ. ಇದು ಅರ್ಥವಾದರೆ ಉಳಿದದ್ದು ಅರ್ಧ ತಾನೇ ಬಿಡಿಸಿಕೊಳ್ಳುತ್ತದೆ.

ಬಿಲ್ ಮಾಡ್ಯೂಲನ್ನು ನೀವು ಕಾಮನ್ 2.3 ಇಟ್ಟುಕೊಂಡು ಕಂಪೈಲ್ ಮಾಡಿದ್ದೀರಿ (ಬರೆದ ಕೋಡನ್ನು ಯಂತ್ರ ಓಡಿಸುವ ರೂಪಕ್ಕೆ ತಂದಿದ್ದೀರಿ) ಅಂತಿಟ್ಟುಕೊಳ್ಳಿ. ರಿಪೋರ್ಟ್ ಮಾಡ್ಯೂಲನ್ನು ಕಾಮನ್ 3.0 ಇಟ್ಟುಕೊಂಡು. ಬೇರೆ ಬೇರೆ ನೋಡಿದರೆ ಎರಡೂ ಸರಿ. ಟೆಸ್ಟೂ ಪಾಸು. ಕೊನೆಗೆ ಎರಡನ್ನೂ ಒಂದು ಅಪ್ಲಿಕೇಶನ್ನಿಗೆ ಸೇರಿಸುವಾಗ ಮಾವೆನ್ ಒಂದೇ ಕಾಮನ್ ಇಟ್ಟುಕೊಳ್ಳುತ್ತದೆ. ಯಾವುದನ್ನು? ದೊಡ್ಡ ನಂಬರಿನದನ್ನು ಅಂತ ಬಹಳ ಜನ ತಿಳಿದಿದ್ದಾರೆ. ಅಲ್ಲ. ಡಿಪೆಂಡೆನ್ಸಿ ಮರದಲ್ಲಿ, ಅಂದರೆ ಯಾವುದು ಯಾವುದನ್ನು ಬಳಸುತ್ತದೆ ಎಂಬ ಸರಪಣಿಯಲ್ಲಿ, ನಿಮ್ಮ ಅಪ್ಲಿಕೇಶನ್ನಿಗೆ ಯಾವುದು ಹತ್ತಿರವೋ ಅದನ್ನು. ಎರಡೂ ಅಷ್ಟೇ ದೂರದಲ್ಲಿದ್ದರೆ ಪಾಮ್ ಫೈಲಿನಲ್ಲಿ (ಯಾವ ಜಾರ್, ಯಾವ ನಂಬರ್ ಬೇಕು ಎಂದು ಮಾವೆನ್ನಿಗೆ ಹೇಳುವ ಫೈಲು) ಯಾವುದು ಮೊದಲು ಬಂದಿದೆಯೋ ಅದನ್ನು. ಅಂದರೆ ಯಾರೋ ಪಾಮ್ ಫೈಲನ್ನು ಅಂದವಾಗಿ ಜೋಡಿಸೋಣ ಅಂತ ಎರಡು ಸಾಲು ಮೇಲೆ ಕೆಳಗೆ ಮಾಡಿದರೂ ಪ್ರೊಡಕ್ಷನ್ ಬೀಳಬಹುದು. ಗ್ರೇಡಲ್ ಎಂಬ ಇನ್ನೊಂದು ಬಿಲ್ಡ್ ಉಪಕರಣ ಹಾಗಲ್ಲ, ನೀವು ಬೇರೆ ಏನೂ ಹೇಳದಿದ್ದರೆ ದೊಡ್ಡ ನಂಬರನ್ನೇ ಹಿಡಿಯುತ್ತದೆ. ಅದರಲ್ಲಿ ಅದರದೇ ಕಷ್ಟಗಳಿವೆ, ಇಲ್ಲಿ ಬೇಡ.

ಮುಖ್ಯ ವಿಷಯ ಏನೆಂದರೆ, ಹೀಗೆ ಸೇರಿಸುವಾಗ ಯಾರೂ ಮತ್ತೆ ಕಂಪೈಲ್ ಮಾಡುವುದಿಲ್ಲ. ಆಗಲೇ ಕಂಪೈಲ್ ಆಗಿರುವ ಜಾರ್‌ಗಳನ್ನು ಪಕ್ಕಪಕ್ಕ ಇಡುತ್ತೇವೆ, ಅಷ್ಟೇ. ಹೊಂದಾಣಿಕೆ ಇದೆಯೋ ಇಲ್ಲವೋ ಎಂದು ನೋಡುವ ಕೆಲಸ ಕಂಪೈಲರ್ ಕೈಯಿಂದ ತಪ್ಪಿ, ಓಡುವ ಪ್ರೋಗ್ರಾಮಿನ ತಲೆಗೆ ಬರುತ್ತದೆ.

ಇನ್ನೂ ಒಂದು ಸೂಕ್ಷ್ಮ ಇದೆ. ಕೋಡ್ ಮಟ್ಟದಲ್ಲಿ ಹೊಂದುವುದೇ ಬೇರೆ, ಬೈನರಿ (ಕಂಪೈಲ್ ಆದ ಫೈಲಿನ) ಮಟ್ಟದಲ್ಲಿ ಹೊಂದುವುದೇ ಬೇರೆ. ಕಾಮನ್‌ನಲ್ಲಿ ಒಂದು ಮೆಥಡ್ ‘ಇಂಟ್’ ಎಂಬ ಟೈಪಿನ ಪೂರ್ಣಾಂಕ ತೆಗೆದುಕೊಳ್ಳುತ್ತಿತ್ತು ಎನ್ನೋಣ. ಸಂಖ್ಯೆ ದೊಡ್ಡದಾಗಬಹುದು ಅಂತ, ಇನ್ನೂ ದೊಡ್ಡ ಪೂರ್ಣಾಂಕ ಹಿಡಿಯುವ ‘ಲಾಂಗ್’ ಮಾಡಿದಿರಿ. ಅದನ್ನು ಕರೆಯುವವರು ಒಂದಕ್ಷರವನ್ನೂ ಬದಲಾಯಿಸಬೇಕಿಲ್ಲ, ಮತ್ತೆ ಕಂಪೈಲ್ ಮಾಡಿದರೆ ಸಾಕು. ಆದರೆ ಹಳೆಯ ಜಾರ್ ಒಳಗೆ ‘ಇಂಟ್ ತೆಗೆದುಕೊಳ್ಳುವ ಈ ಹೆಸರಿನ ಮೆಥಡ್’ ಅಂತಲೇ ಬರೆದಿರುತ್ತದೆ. ಹೆಸರು, ಒಳಗೆ ಹೋಗುವ ಟೈಪ್‌ಗಳು, ವಾಪಸ್ ಬರುವ ಟೈಪ್, ಮೂರೂ ಸರಿಹೊಂದಬೇಕು. ಏನೂ ಕೊಡದಿದ್ದ ಮೆಥಡ್ ಈಗ ಒಂದು ಬೆಲೆ ಕೊಡುತ್ತದೆ ಎಂದರೂ ಹಳೆಯ ಜಾರ್‌ಗೆ ಅದು ಬೇರೆ ಮೆಥಡ್ಡೇ. ‘ಇಲ್ಲವಲ್ಲ’ ಅಂತ ಬೀಳುತ್ತದೆ. ನಿಮ್ಮ ಲಾಗ್‌ನಲ್ಲಿ ಕಂಡದ್ದು ಇದೇ.

ಬಿದ್ದರೆ ಪುಣ್ಯ ಅನ್ನಿ. ಬೀಳದ್ದು ಇನ್ನೂ ಕೆಟ್ಟದ್ದು. ಕಾಮನ್‌ನಲ್ಲಿ ‘ಗರಿಷ್ಠ ಸಾಲು 50’ ಅಂತ ಒಂದು ಕಾನ್‌ಸ್ಟೆಂಟ್ ಇದೆ ಎನ್ನೋಣ. ಜಾವಾ ಕಂಪೈಲರ್ ಅಂಥ ಸ್ಥಿರ ಬೆಲೆಯನ್ನು ಬಳಸುವವರ ಕ್ಲಾಸ್ ಫೈಲಿನೊಳಗೇ ನಕಲು ಮಾಡಿಬಿಡುತ್ತದೆ. ನೀವು ಕಾಮನ್‌ನಲ್ಲಿ ಅದನ್ನು 100 ಮಾಡಿ ಹೊಸ ಜಾರ್ ಹಾಕಿದರೂ ಬಿಲ್ ಮಾಡ್ಯೂಲ್ ಮತ್ತೆ ಕಂಪೈಲ್ ಆಗುವ ತನಕ 50 ಅಂತಲೇ ಲೆಕ್ಕ ಹಾಕುತ್ತಿರುತ್ತದೆ. ಎರರ್ ಇಲ್ಲ, ಲಾಗ್ ಇಲ್ಲ. ಲೆಕ್ಕ ಮಾತ್ರ ತಪ್ಪು. ಸಿ++ ಬಳಸುವವರು ಇದನ್ನು ಓದಿ ನಗಬಹುದು. ಅವರಿಗೆ ಕ್ಲಾಸಿನೊಳಗೆ ಒಂದು ಫೀಲ್ಡ್ ಸೇರಿಸಿದರೂ ಮೆಮೊರಿಯ ಅಳತೆ ಬದಲಾಗಿ ಕಥೆ ಮುಗಿಯುತ್ತದೆ. 2015ರಲ್ಲಿ ಜಿಸಿಸಿ ಎಂಬ ಕಂಪೈಲರಿನ 5ನೇ ಆವೃತ್ತಿ ಬಂದಾಗ ‘ಸ್ಟ್ರಿಂಗ್’ ಎಂಬ ಮೂಲಭೂತ ಕ್ಲಾಸಿನ ಒಳರಚನೆಯೇ ಬದಲಾಯಿತು. ಹಳೆಯದು ಹೊಸದು ಎರಡನ್ನೂ ಒಂದೇ ಲೈಬ್ರರಿಯಲ್ಲಿ ಇಟ್ಟು ಸಂಭಾಳಿಸಬೇಕಾಯಿತು.

ಇನ್ನು 2.3.1. ಇದರಲ್ಲಿ ನಾನು ನಿಮ್ಮನ್ನು ಬೈಯುವ ಹಾಗಿಲ್ಲ. ನಾನೂ ಇದನ್ನೇ ಮಾಡಿದ್ದೇನೆ. ಒಂದು ರಾತ್ರಿ, ಒಂದೇ ಸಾಲಿನ ತಿದ್ದುಪಡಿ, ಹೊಸ ನಂಬರ್ ಕೊಟ್ಟರೆ ಆರು ಪಾಮ್ ಫೈಲ್ ತಿದ್ದಬೇಕಲ್ಲ ಎಂಬ ಸೋಮಾರಿತನ. ಅದೇ ನಂಬರಿನಲ್ಲಿ ಮೇಲೆ ಬರೆದೆ. ಮರುದಿನದಿಂದ ಒಬ್ಬರ ಕಂಪ್ಯೂಟರಿನಲ್ಲಿ ಬಗ್ ಬರುತ್ತದೆ, ಪಕ್ಕದವರದರಲ್ಲಿ ಬರುವುದಿಲ್ಲ. ಇಬ್ಬರದೂ ಒಂದೇ ಕೋಡ್, ಒಂದೇ ನಂಬರ್. ನಾಲ್ಕು ದಿನ ಹುಡುಕಿದೆವು.

ಕಾರಣ ಸರಳ. ಮಾವೆನ್ ಒಂದು ರಿಲೀಸ್ ಜಾರನ್ನು ಒಮ್ಮೆ ಇಳಿಸಿಕೊಂಡರೆ ಅದನ್ನು ತನ್ನ ಲೋಕಲ್ ಕ್ಯಾಶ್‌ನಲ್ಲಿ ಇಟ್ಟುಕೊಳ್ಳುತ್ತದೆ. ನಂಬರ್ ಅದೇ ಇದ್ದರೆ ಮತ್ತೆ ಹೋಗಿ ಕೇಳುವುದೇ ಇಲ್ಲ. ಯಾಕೆ ಕೇಳಬೇಕು? ರಿಲೀಸ್ ಬದಲಾಗುವುದಿಲ್ಲ ಎಂಬುದೇ ಒಪ್ಪಂದ. ಹಾಗಾಗಿ ನಿಮ್ಮಲ್ಲಿ ಈಗ ಎರಡು 2.3.1 ಓಡಾಡುತ್ತಿವೆ. ಬೇಕಾದರೆ ಎರಡು ಕಂಪ್ಯೂಟರಿನಲ್ಲಿ ಆ ಜಾರ್‌ನ ಎಸ್‌ಎಚ್‌ಎ-256 (ಫೈಲಿನ ಬೆರಳಚ್ಚಿನಂಥ ಸಂಖ್ಯೆ) ತೆಗೆದು ಹೋಲಿಸಿ ನೋಡಿ. ಇವತ್ತೇ ಮಾಡಬೇಕಾದದ್ದು ಎರಡು. ತಿದ್ದಿದ ಕೋಡನ್ನು 2.3.2 ಅಂತ ಹೊರಗೆ ಬಿಡಿ, 2.3.1 ಯಾರೂ ಬಳಸಬಾರದು ಎಂದು ಎಲ್ಲರಿಗೂ ತಿಳಿಸಿ. ಆಮೇಲೆ ನೆಕ್ಸಸ್‌ನಲ್ಲಿ ರಿಲೀಸ್ ರೆಪಾಸಿಟರಿಯ ಡಿಪ್ಲಾಯ್‌ಮೆಂಟ್ ಪಾಲಿಸಿಯನ್ನು ‘ಡಿಸೇಬಲ್ ರೀಡಿಪ್ಲಾಯ್’ (ಅದೇ ನಂಬರಿನಲ್ಲಿ ಮತ್ತೆ ಹಾಕಲು ಬಿಡಬೇಡ) ಮಾಡಿ. ಅವಸರದಲ್ಲಿರುವ ಮನುಷ್ಯನ ಕೈಯನ್ನು ಸೆಟ್ಟಿಂಗ್ ಹಿಡಿಯಬಲ್ಲದು, ಒಳ್ಳೆಯ ಬುದ್ಧಿ ಹಿಡಿಯಲಾರದು. ಜಾರ್‌ಗಳ ಸಾರ್ವಜನಿಕ ಉಗ್ರಾಣವಾದ ಮಾವೆನ್ ಸೆಂಟ್ರಲ್‌ನಲ್ಲೂ ಇದೇ ನಿಯಮ, ಒಮ್ಮೆ ಹಾಕಿದ ವರ್ಷನ್ನನ್ನು ತಿದ್ದಲಿಕ್ಕೆ ಬಿಡುವುದಿಲ್ಲ.

ನಿಮ್ಮ ಪತ್ರದಲ್ಲಿ ಇನ್ನೊಂದು ಸಾಲು ನನ್ನ ಕಣ್ಣಿಗೆ ಬಿತ್ತು. ‘ಪ್ರೊಡಕ್ಷನ್‌ಗೆ ಇನ್ನೊಮ್ಮೆ ಬಿಲ್ಡ್ ಮಾಡುತ್ತೇವೆ’ ಅಂದಿದ್ದೀರಿ. ನೀವು ಅದನ್ನು ಸುಮ್ನೆ ಹೇಳಿ ಮುಂದೆ ಹೋಗಿದ್ದೀರಿ. ನನಗೆ ಅನುಮಾನ ಜಾಸ್ತಿ ಅದರ ಮೇಲೇ. ಟೆಸ್ಟ್ ಮಾಡಿದ ಜಾರ್ ಒಂದು, ಓಡಿಸುವ ಜಾರ್ ಇನ್ನೊಂದು ಆದರೆ ಟೆಸ್ಟ್ ಮಾಡಿದ್ದಕ್ಕೆ ಅರ್ಥ ಏನು? ನಡುವೆ ಒಂದೇ ಒಂದು ಸ್ನ್ಯಾಪ್‌ಶಾಟ್ ಡಿಪೆಂಡೆನ್ಸಿ ಉಳಿದಿದ್ದರೂ ಸಾಕು. ಸ್ನ್ಯಾಪ್‌ಶಾಟ್ ಅಂದರೆ ‘ಇನ್ನೂ ಮುಗಿದಿಲ್ಲ, ಬದಲಾಗುತ್ತಿರುತ್ತದೆ’ ಎಂದರ್ಥ. ಮಾವೆನ್ ಮಾಮೂಲಿಯಾಗಿ ದಿನಕ್ಕೊಮ್ಮೆ ಅದರ ಹೊಸ ಪ್ರತಿ ಬಂದಿದೆಯಾ ಎಂದು ನೋಡುತ್ತದೆ. ಬುಧವಾರ ಟೆಸ್ಟ್ ಮಾಡಿದ್ದು ಶುಕ್ರವಾರದ ಬಿಲ್ಡ್‌ನಲ್ಲಿ ಇರುವುದಿಲ್ಲ.

ಒಮ್ಮೆ ಬಿಲ್ಡ್ ಮಾಡಿ. ಅದೇ ಫೈಲು ಟೆಸ್ಟಿಗೆ ಹೋಗಲಿ, ಅದೇ ಫೈಲು ಪ್ರೊಡಕ್ಷನ್‌ಗೆ ಹೋಗಲಿ. ಡೇಟಾಬೇಸ್ ವಿಳಾಸ, ಪಾಸ್‌ವರ್ಡ್ ಇವೆಲ್ಲ ಜಾರ್ ಹೊರಗಿರಲಿ. ಜಾರ್‌ನ ಮ್ಯಾನಿಫೆಸ್ಟ್ ಫೈಲಿನಲ್ಲಿ (ಜಾರ್ ಬಗ್ಗೆ ಮಾಹಿತಿ ಇಡುವ ಫೈಲು) ಯಾವ ಗಿಟ್ ಕಮಿಟ್‌ನಿಂದ, ಅಂದರೆ ಗಿಟ್‌ನಲ್ಲಿ ದಾಖಲಾದ ಕೋಡಿನ ಯಾವ ಸ್ಥಿತಿಯಿಂದ, ಇದು ಬಂತು ಎಂದು ಬರೆಸಿ. ಬಿಲ್ಡ್ ಸರ್ವರ್ ಮಾತ್ರ ನೆಕ್ಸಸ್‌ಗೆ ಹಾಕಲಿ, ಯಾರ ಲ್ಯಾಪ್‌ಟಾಪಿನಿಂದಲೂ ಹಾಕುವಂತಿರಬಾರದು.

ಇದು ಬರೀ ಶಿಸ್ತಿನ ಮಾತಲ್ಲ. 2024ರ ಮಾರ್ಚ್‌ನಲ್ಲಿ ಎಕ್ಸ್‌ಝಡ್ ಎಂಬ ಕಂಪ್ರೆಶನ್ ಲೈಬ್ರರಿಯ 5.6.0 ಮತ್ತು 5.6.1ರಲ್ಲಿ ಕಳ್ಳಬಾಗಿಲು ಸಿಕ್ಕಿತು. ಅದನ್ನು ಎಬ್ಬಿಸುವ ಸ್ಕ್ರಿಪ್ಟ್ ಗಿಟ್ ರೆಪಾಸಿಟರಿಯಲ್ಲಿ ಇರಲಿಲ್ಲ. ರಿಲೀಸ್ ಅಂತ ಹಂಚಿದ ಕಂತೆಯಲ್ಲಿ ಮಾತ್ರ ಇತ್ತು. ಗಿಟ್‌ನಲ್ಲಿ ಕೋಡ್ ಓದಿದವರಿಗೆ ಅದು ಕಾಣುವಂತಿರಲಿಲ್ಲ. ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರ್, ರಿಮೋಟ್ ಲಾಗಿನ್ ಸುಮಾರು ಅರ್ಧ ಸೆಕೆಂಡ್ ನಿಧಾನವಾಗಿದ್ದು ಯಾಕೆ ಎಂದು ಕೆದಕಿ ಅದನ್ನು ಹಿಡಿದರು. ನಿಮ್ಮ ಜಾರ್ ಮತ್ತು ನಿಮ್ಮ ಕೋಡ್ ನಡುವಿನ ದಾರಿಯನ್ನು ಯಂತ್ರ ಮಾತ್ರ ನಡೆಯಬೇಕು ಎನ್ನುವುದು ಇದಕ್ಕೇ.

ನಿಮ್ಮ ಮ್ಯಾನೇಜರ್ ಸಲಹೆ? ಅವರ ಆಸೆ ಸರಿಯಾಗಿದೆ. ಯಾವ ಜಾರ್ ಎಲ್ಲಿದೆ ಎಂದು ಒಂದೇ ಕಡೆ ಗೊತ್ತಾಗಬೇಕು ಅಂತ ಅವರಿಗೆ. ದಾರಿ ಮಾತ್ರ ಸರಿಯಿಲ್ಲ. ಜಾರ್ ಅಂದರೆ ಆಗಲೇ ಒತ್ತಿ ಚಿಕ್ಕದು ಮಾಡಿದ ಫೈಲು. ಕೋಡ್ ಫೈಲಿನ ಹಾಗೆ ಗಿಟ್ ಅದರ ವ್ಯತ್ಯಾಸವನ್ನಷ್ಟೇ ಚಿಕ್ಕದಾಗಿ ಇಡಲಾರದು. ಪ್ರತಿ ಸಲವೂ ಹೆಚ್ಚುಕಡಿಮೆ ಪೂರ್ತಿ ಫೈಲೇ ಸೇರುತ್ತದೆ. ಆಮೇಲೆ ಅಳಿಸಿದರೂ ಇತಿಹಾಸದಲ್ಲಿ ಉಳಿದಿರುತ್ತದೆ, ಕ್ಲೋನ್ ಮಾಡುವವರೆಲ್ಲ ಅದನ್ನು ಹೊತ್ತುಕೊಂಡೇ ಹೋಗಬೇಕು. ಗಿಟ್‌ಹಬ್ ಅಂತೂ 100 ಎಂಬಿ ಮೀರಿದ ಫೈಲನ್ನು ತೆಗೆದುಕೊಳ್ಳುವುದೇ ಇಲ್ಲ. ಎಲ್ಲಿಯೂ ಸಿಗದ, ಎಂದೂ ಬದಲಾಗದ ಒಂದೆರಡು ಹಳೆಯ ಜಾರ್ ಇದ್ದರೆ ಗಿಟ್‌ನಲ್ಲಿಟ್ಟರೆ ಆಕಾಶವೇನೂ ಬೀಳುವುದಿಲ್ಲ, ನಾನೂ ಇಟ್ಟಿದ್ದೇನೆ. ಆದರೆ ವಾರವಾರ ಬದಲಾಗುವ ಹದಿನಾಲ್ಕನ್ನು ಇಡಬೇಡಿ. ನೆಕ್ಸಸ್ ಆಗಲೇ ಇದೆಯಲ್ವಾ, ಅದನ್ನೇ ಸರಿಯಾಗಿ ಬಳಸಿ.

ನಂಬರಿನ ಬಗ್ಗೆಯೂ ಒಂದು ಭ್ರಮೆ ಇದೆ. ಸೆಮ್ಯಾಂಟಿಕ್ ವರ್ಷನಿಂಗ್ ಪಾಲಿಸಿದರೆ ಎಲ್ಲ ಸರಿಹೋಗುತ್ತದೆ ಎಂದು. ಗಿಟ್‌ಹಬ್ ಸ್ಥಾಪಕರಲ್ಲಿ ಒಬ್ಬರಾದ ಟಾಮ್ ಪ್ರೆಸ್ಟನ್-ವರ್ನರ್ ಬರೆದ ನಿಯಮಗಳು ಅವು. 2.0.0 ಆವೃತ್ತಿ ಬಂದದ್ದು 2013ರಲ್ಲಿ. ಮೊದಲ ಅಂಕೆ ಬದಲಾದರೆ ಹಳೆಯದು ಒಡೆಯುತ್ತದೆ, ಎರಡನೆಯದು ಬದಲಾದರೆ ಹೊಸದೇನೋ ಸೇರಿದೆ, ಮೂರನೆಯದು ಬದಲಾದರೆ ತಿದ್ದುಪಡಿ ಮಾತ್ರ. ಒಳ್ಳೆಯ ನಿಯಮ. ಆದರೆ ಅದು ಬರೆದವರು ಕೊಟ್ಟ ಮಾತು, ಸಾಕ್ಷಿಯಲ್ಲ. ‘ಸಣ್ಣ ತಿದ್ದುಪಡಿ’ ಎಂದುಕೊಂಡು ಮಾಡಿದ್ದು ಇಂಟ್‌ನಿಂದ ಲಾಂಗ್ ಆಗಿರಬಹುದು. ನಿಮ್ಮಲ್ಲಂತೂ 3.0 ಅಂತ ಪ್ರಾಮಾಣಿಕವಾಗಿ ಅಂಕೆ ಬದಲಿಸಿದ್ದರೂ ಮಾವೆನ್ ಎರಡರಲ್ಲಿ ಒಂದನ್ನು ಸದ್ದಿಲ್ಲದೆ ಆರಿಸಿಬಿಡುತ್ತದೆ. ಹೊರಗಿನವರಿಗೆ ಕೊಡುವ ಜಾರ್‌ಗೆ ರೆವಾಪಿ ಅಥವಾ ಜಾಪಿಸಿಎಂಪಿಯಂಥ ಉಪಕರಣ ಹಚ್ಚಿ. ಹಿಂದಿನ ಜಾರ್, ಹೊಸ ಜಾರ್ ಎರಡನ್ನೂ ಹೋಲಿಸಿ ಬೈನರಿ ಮಟ್ಟದಲ್ಲಿ ಏನು ಒಡೆದಿದೆ ಎಂದು ಅವು ಪಟ್ಟಿ ಕೊಡುತ್ತವೆ.

ಸರಿ, ದಾರಿಗಳು. ನಿಮ್ಮ ಮುಂದೆ ಮೂರಿವೆ.

ಜೊತೆಯವರು ಹೇಳಿದ್ದು ಮೊದಲನೆಯದು, ಎಲ್ಲವನ್ನೂ ಕಲಸಿ ಮತ್ತೆ ಒಂದು ಮಾಡುವುದು. ಎರರ್ ಹೋಗುತ್ತದೆ, ನಿಜ. ಎರಡು ವರ್ಷದ ಹಿಂದಿನ ಹಳೇ ನೋವು ವಾಪಸ್ ಬರುತ್ತದೆ. ಬೇಡ.

ಎರಡನೆಯದು, ರೆಪಾಸಿಟರಿಗಳು ಬೇರೆಯೇ ಇರಲಿ, ಆದರೆ ‘ಈ ಹದಿನಾಲ್ಕು ನಂಬರುಗಳು ಒಟ್ಟಿಗೆ ಓಡುತ್ತವೆ’ ಎಂಬ ಒಂದೇ ಪಟ್ಟಿ ಮಾಡುವುದು. ಮಾವೆನ್‌ನಲ್ಲಿ ಇದಕ್ಕೆ ಬಿಒಎಂ (ಬಿಲ್ ಆಫ್ ಮೆಟೀರಿಯಲ್ಸ್, ಸಾಮಗ್ರಿ ಪಟ್ಟಿ) ಎನ್ನುತ್ತಾರೆ. ಸ್ಪ್ರಿಂಗ್ ಬೂಟ್ ಎಂಬ ಜಾವಾ ಫ್ರೇಮ್‌ವರ್ಕ್ ನೂರಾರು ಲೈಬ್ರರಿಗಳ ನಂಬರನ್ನು ಹೀಗೇ ಕಟ್ಟಿಡುತ್ತದೆ. ಯಾವ ಕಾಮನ್ ಎಂಬ ಗೊಂದಲ ತಪ್ಪುತ್ತದೆ. ಆದರೆ ನೆನಪಿಡಿ, ಪಟ್ಟಿ ಮಾಡಿದ ಮಾತ್ರಕ್ಕೆ ಯಾವುದೂ ಮತ್ತೆ ಕಂಪೈಲ್ ಆಗುವುದಿಲ್ಲ. ಬಿಲ್ ಮಾಡ್ಯೂಲ್ ಹಳೆಯ ಕಾಮನ್ ಮೇಲೆ ಕಂಪೈಲ್ ಆದದ್ದೇ ಆಗಿರುತ್ತದೆ. ಪಟ್ಟಿಯಲ್ಲಿರುವ ಎಲ್ಲವನ್ನೂ ಒಟ್ಟಿಗೆ ಓಡಿಸಿ ನೋಡುವ ಟೆಸ್ಟ್ ಇಲ್ಲದಿದ್ದರೆ ಬಿಒಎಂ ಕೊಡುವುದು ಸುಳ್ಳು ನೆಮ್ಮದಿ. ಆ ಪಟ್ಟಿ ನೋಡಿಕೊಳ್ಳಲು ಒಬ್ಬರು ಬೇಕು. ಒಂಬತ್ತು ಜನರಲ್ಲಿ ಒಬ್ಬರು ಅಂದರೆ ದುಬಾರಿ. ತಂಡಗಳೇ ಹತ್ತು ಇದ್ದರೆ ಮಾತು ಬೇರೆ.

ಮೂರನೆಯದು ನನ್ನ ಆಯ್ಕೆ. ಹದಿಮೂರು ಮಾಡ್ಯೂಲುಗಳನ್ನು ಒಂದೇ ರೆಪಾಸಿಟರಿಗೆ ತನ್ನಿ. ಮಾಡ್ಯೂಲುಗಳು ಮಾಡ್ಯೂಲುಗಳಾಗಿಯೇ ಇರಲಿ, ಒಂದು ಮಾವೆನ್ ಬಿಲ್ಡ್‌ನಡಿ ಹದಿಮೂರು ಫೋಲ್ಡರ್. ಎಲ್ಲಕ್ಕೂ ಒಂದೇ ನಂಬರ್, ಒಟ್ಟಿಗೇ ರಿಲೀಸ್. ಯಾರಾದರೂ ಕಾಮನ್‌ನಲ್ಲಿ ಮೆಥಡ್ ಬದಲಿಸಿದರೆ ಅದನ್ನು ಬಳಸುವ ಎಲ್ಲವೂ ಅದೇ ಗಳಿಗೆಯಲ್ಲಿ ಮತ್ತೆ ಕಂಪೈಲ್ ಆಗುತ್ತವೆ. ಕಂಪೈಲರಿಗೆ ತನ್ನ ಕೆಲಸ ವಾಪಸ್ ಸಿಗುತ್ತದೆ. ‘ಏನೂ ಬದಲಾಗದ ಮಾಡ್ಯೂಲಿಗೂ ಹೊಸ ನಂಬರ್ ಯಾಕೆ’ ಅಂತ ಯಾರಾದರೂ ಕೇಳುತ್ತಾರೆ. ಕೇಳಲಿ. ಸ್ಪ್ರಿಂಗ್ ಫ್ರೇಮ್‌ವರ್ಕ್ ತನ್ನ ಎಲ್ಲ ಮಾಡ್ಯೂಲುಗಳನ್ನೂ ಒಂದೇ ನಂಬರಿನಲ್ಲೇ ಬಿಡುತ್ತದೆ, ಅವರಿಗೇನೂ ಆಗಿಲ್ಲ.

ಇದರಲ್ಲೂ ಅಪಾಯ ಇದೆ. ಕೋಡ್ ಎಲ್ಲ ಕಣ್ಣೆದುರೇ ಇದ್ದಾಗ ಬೇಲಿ ಹಾರುವುದು ಸುಲಭ. ರಿಪೋರ್ಟ್ ಮಾಡ್ಯೂಲ್ ಬಿಲ್ ಮಾಡ್ಯೂಲಿನ ಒಳಗಿನ ಕ್ಲಾಸನ್ನು ನೇರವಾಗಿ ಎಳೆದುಕೊಳ್ಳಲು ಶುರುಮಾಡುತ್ತದೆ. ಅದಕ್ಕೆ ಆರ್ಚ್‌ಯೂನಿಟ್ ಎಂಬ ಟೆಸ್ಟ್ ಲೈಬ್ರರಿಯಲ್ಲಿ ‘ಇದು ಅದನ್ನು ಮುಟ್ಟಬಾರದು’ ಎಂಬ ನಿಯಮಗಳನ್ನು ಟೆಸ್ಟ್ ಆಗಿ ಬರೆಯಿರಿ. ಜಾವಾ 9ರಿಂದ, ಅಂದರೆ 2017ರಿಂದ, ಭಾಷೆಯಲ್ಲೇ ಮಾಡ್ಯೂಲ್ ವ್ಯವಸ್ಥೆ ಇದೆ. ಹಳೆಯ ಪ್ರಾಜೆಕ್ಟಿಗೆ ಅದನ್ನು ಹಚ್ಚುವುದು ತಲೆನೋವು, ನಾನಾದರೆ ಆರ್ಚ್‌ಯೂನಿಟ್‌ನಿಂದ ಶುರುಮಾಡುತ್ತೇನೆ. ಬಿಲ್ಡ್ ಸಮಯ ಹೆಚ್ಚಾಗುತ್ತದೆ, ಎರಡು ದಿನಕ್ಕೆ ಹೋಲಿಸಿದರೆ ಅದು ಲೆಕ್ಕಕ್ಕಿಲ್ಲ.

ಹದಿನಾಲ್ಕನೆಯದು ತೆರಿಗೆ. ಅದು ಬೇರೆಯೇ ಇರಲಿ. ನಿಮ್ಮ ಕೈಯಲ್ಲಿಲ್ಲದ ಇನ್ನೊಂದು ತಂಡ ತನ್ನ ವೇಳಾಪಟ್ಟಿಯಲ್ಲಿ ಅದನ್ನು ಬಳಸುತ್ತದೆ. ಬೇರೆ ರಿಲೀಸ್ ಬೇಕೇ ಎಂದು ಕೇಳಿಕೊಳ್ಳುವಾಗ ನಾನು ನೋಡುವುದು ಇದೊಂದನ್ನೇ. ಬೇರೆ ನಂಬರ್, ಸೆಮ್ಯಾಂಟಿಕ್ ವರ್ಷನಿಂಗ್, ಹೋಲಿಸುವ ಉಪಕರಣ, ಎಲ್ಲ ಶಿಸ್ತೂ ಇದಕ್ಕೆ ಮೀಸಲು. ಒಂದನ್ನು ಮಾತ್ರ ತಪ್ಪದೆ ನೋಡಿ: ತೆರಿಗೆ ಮಾಡ್ಯೂಲ್ ನಿಮ್ಮ ಕಾಮನ್ ಮೇಲೆ ನಿಂತಿದೆಯಾ? ನಿಂತಿದ್ದರೆ ಹಳೆಯ ರೋಗ ಹಿಂಬಾಗಿಲಿನಿಂದ ಒಳಗೆ ಬರುತ್ತದೆ. ಅದಕ್ಕೆ ಬೇಕಾದ ನಾಲ್ಕೈದು ಮೆಥಡ್‌ಗಳನ್ನು ಅದರೊಳಗೇ ನಕಲು ಮಾಡಿಬಿಡಿ. ಕೋಡ್ ನಕಲು ಮಾಡುವುದು ಪಾಪ ಅಂತ ಕಲಿತಿದ್ದೇವೆ, ಗೊತ್ತು. ಕಾಮನ್ ಎಂಬ ಹೆಸರಿನ ಮಾಡ್ಯೂಲ್ ಎಲ್ಲ ಕಡೆಯೂ ಮನೆಯ ಅಟ್ಟದ ಹಾಗೆ, ಎಲ್ಲಿಡಬೇಕು ಎಂದು ತೋಚದ್ದೆಲ್ಲ ಅಲ್ಲಿ. ಅಟ್ಟದ ಮೇಲೆ ನೆಂಟರನ್ನು ಮಲಗಿಸಬಾರದು.

ಬದಲಾವಣೆಯನ್ನು ಒಂದೇ ದಿನ ಮಾಡಬೇಡಿ. ಮೊದಲು ಮಾವೆನ್ ಎನ್‌ಫೋರ್ಸರ್ ಪ್ಲಗಿನ್ ಹಾಕಿ. ರಿಲೀಸ್‌ನಲ್ಲಿ ಸ್ನ್ಯಾಪ್‌ಶಾಟ್ ಉಳಿದಿದ್ದರೆ, ಒಂದೇ ಲೈಬ್ರರಿಗೆ ಎರಡು ನಂಬರ್ ಬಂದಿದ್ದರೆ, ಬಿಲ್ಡನ್ನೇ ನಿಲ್ಲಿಸುವ ನಿಯಮಗಳು ಅದರಲ್ಲಿವೆ. ಮೊದಲ ದಿನ ಎಷ್ಟು ಕೆಂಪು ಕಾಣುತ್ತದೆ ಎಂದು ನೋಡಿ ಹೆದರಬೇಡಿ. ಆಮೇಲೆ ಬಿಲ್ ಮತ್ತು ಕಾಮನ್ ಎರಡನ್ನೇ ಒಂದು ರೆಪಾಸಿಟರಿಗೆ ತನ್ನಿ, ಗಿಟ್ ಸಬ್‌ಟ್ರೀ ಬಳಸಿದರೆ ಹಳೆಯ ಇತಿಹಾಸವೂ ಜೊತೆಗೆ ಬರುತ್ತದೆ. ಒಂದು ರಿಲೀಸ್ ಮಾಡಿ ನೋಡಿ. ಸರಿ ಅನ್ನಿಸಿದರೆ ಉಳಿದದ್ದು.

ಪ್ರೊಡಕ್ಷನ್‌ಗೆ ಹೋದ ಯಾವ ರಿಲೀಸನ್ನೂ ನೆಕ್ಸಸ್‌ನಿಂದ ಅಳಿಸಬೇಡಿ, ಸ್ನ್ಯಾಪ್‌ಶಾಟ್‌ಗಳನ್ನು ತಿಂಗಳಿಗೊಮ್ಮೆ ಗುಡಿಸಿ. ಹಿಂದಿನ ಜಾರ್ ಇದ್ದರೆ ವಾಪಸ್ ಹೋಗಬಹುದು. ಡೇಟಾಬೇಸ್ ಕಾಲಂ ತೆಗೆದಿದ್ದರೆ ಮಾತ್ರ ಹೋಗಲಾಗದು, ಅದಕ್ಕೇ ಕಾಲಂ ತೆಗೆಯುವುದನ್ನು ಒಂದು ರಿಲೀಸ್ ತಡಮಾಡಿ. ಪ್ರತಿ ರಿಲೀಸ್ ಜೊತೆ ಅದರೊಳಗೆ ಯಾವ್ಯಾವ ಲೈಬ್ರರಿ, ಯಾವ ನಂಬರ್ ಎಂಬ ಪಟ್ಟಿಯನ್ನೂ ಬಿಲ್ಡ್ ಸರ್ವರ್ ಬರೆದಿಡಲಿ. 2021ರ ಡಿಸೆಂಬರ್‌ನಲ್ಲಿ ಲಾಗ್4ಜೆ ಎಂಬ ಜಾವಾ ಲಾಗಿಂಗ್ ಲೈಬ್ರರಿಯಲ್ಲಿ ಭದ್ರತೆಯ ತೂತು ಬಯಲಾದಾಗ ಎಲ್ಲರೂ ಕೇಳಿದ ಮೊದಲ ಪ್ರಶ್ನೆ ‘ಇದು ನಮ್ಮಲ್ಲಿ ಎಲ್ಲೆಲ್ಲಿದೆ’ ಅಂತ. ಪಟ್ಟಿ ಇಲ್ಲದವರು ಒಂದೊಂದು ಸರ್ವರಿಗೂ ಲಾಗಿನ್ ಆಗಿ ಜಾರ್ ಒಳಗಿನ ಜಾರ್‌ಗಳನ್ನು ಬಿಚ್ಚಿ ನೋಡಬೇಕಾಯಿತು. ಅದೂ ಒಂದು ಸಲವಲ್ಲ. 2.15.0, 2.16.0, 2.17.0, 2.17.1 ಅಂತ ಒಂದೇ ತಿಂಗಳಲ್ಲಿ ಒಂದರ ಹಿಂದೆ ಒಂದು ತಿದ್ದಿದ ಆವೃತ್ತಿಗಳು ಬಂದವು. ಒಂದು ರಿಲೀಸ್‌ಗೆ ಎರಡು ದಿನ ತೆಗೆದುಕೊಳ್ಳುವ ತಂಡಕ್ಕೆ ಆ ತಿಂಗಳು ಹೇಗಿದ್ದೀತು, ನೀವೇ ಯೋಚಿಸಿ.

ಒಟ್ಟಿಗೆ ತಂದ ಹದಿಮೂರಕ್ಕೆ ಯಾವ ನಂಬರ್ ಕೊಡಬೇಕು ಎಂಬ ಪ್ರಶ್ನೆ ಆಮೇಲೆ ಬಂದೇ ಬರುತ್ತದೆ, ಅದರ ಬಗ್ಗೆ ಮೀಟಿಂಗೂ ಆಗುತ್ತದೆ. 1.0.0 ಎಂದು ಹೊಸದಾಗಿ ಶುರುಮಾಡಬೇಡಿ. ಹಾಗೆ ಮಾಡಿದರೆ ಹಳೆಯ 3.0 ಹೊಸದಕ್ಕಿಂತ ಹೊಸದು ಎಂದು ಉಪಕರಣಗಳಿಗೂ ಅನ್ನಿಸುತ್ತದೆ, ಮನುಷ್ಯರಿಗೂ ಅನ್ನಿಸುತ್ತದೆ. ಆಂಗ್ಯುಲರ್ ಎಂಬ ವೆಬ್ ಫ್ರೇಮ್‌ವರ್ಕಿನ ತಂಡಕ್ಕೂ ಇದೇ ಕಷ್ಟ ಬಂದಿತ್ತು. ಉಳಿದದ್ದೆಲ್ಲ 2ರಲ್ಲಿ, ಅದರ ರೌಟರ್ ಎಂಬ ಭಾಗ ಒಂದು ಮಾತ್ರ 3ರಲ್ಲಿ. 2017ರಲ್ಲಿ ಅವರು 3 ಅನ್ನೇ ಬಿಟ್ಟು ಎಲ್ಲವನ್ನೂ 4ಕ್ಕೆ ಏರಿಸಿದರು. ನಿಮ್ಮ ಹದಿಮೂರರಲ್ಲಿ ಅತಿ ದೊಡ್ಡ ನಂಬರ್ ಯಾವುದು ನೋಡಿ. ಅದು 5.2 ಆಗಿದ್ದರೆ ಎಲ್ಲವೂ 6.0.0.